ಅಕ್ಕನ ನಾಲ್ಕು ತೊಲಿ ನಿಮ್ಮ ಸಾಕ್ಷಿಯಲ್ಲಿ ಯಾಕಿಲ್ಲ?

ಗೆರೆ ಹಾಕಿದ ಹಾಳೆಯಲ್ಲಿ ಆರು ಪುಟದ ಪತ್ರ. ದುಂಡಗಿನ ಅಕ್ಷರ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಇಷ್ಟು ನೀಟಾದ ಪತ್ರ ಬಂದರೆ ನನಗೆ ಅನುಮಾನವೇ ಜಾಸ್ತಿ. ಹೇಳಿ ಹೇಳಿ ಬಾಯಿಪಾಠವಾದ ಕಥೆ ಮಾತ್ರ ಹೀಗೆ ಎಲ್ಲೂ ತಡವರಿಸದೆ ಕಾಗದಕ್ಕೆ ಇಳಿಯುತ್ತದೆ. ನೀವೂ ಒಪ್ಪಿಕೊಂಡಿದ್ದೀರಿ, ಮೊದಲ ನಾಲ್ಕು ಪುಟ, ದೇವರು ನನ್ನನ್ನು ಬದಲಿಸಿದ್ದು ಹೀಗೆ ಅಂತ ಪ್ರಾರ್ಥನಾ ಕೂಟದಲ್ಲಿ ಪ್ರತಿ ತಿಂಗಳು ಎದ್ದು ಹೇಳುವ ಸಾಕ್ಷಿಯೇ ಅಂತ.

ಉಳಿದ ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗುರುತು ಹತ್ತದ ಹಾಗೆ ಅಲ್ಲಿಲ್ಲಿ ವಿವರ ಬದಲಿಸಿದ್ದೇನೆ. ಬರೆದವರಿಗೆ ಮೂವತ್ತೊಂಬತ್ತು. ಗದಗ-ಬೆಟಗೇರಿಯವರು, ಅಜ್ಜನ ಕಾಲದಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಈಗ ಬೆಂಗಳೂರಿನ ಗೋದಾಮೊಂದರಲ್ಲಿ ಸೂಪರ್‌ವೈಸರ್, ಸಂಬಳ 32,000. ಹತ್ತು ವರ್ಷ ಕುಡಿತ, ಅದರ ಕೊನೆಯ ಮೂರು ವರ್ಷ ಮೊಬೈಲಿನಲ್ಲಿ ರಮ್ಮಿ ಬೇರೆ. ಎರಡು ವರ್ಷದ ಹಿಂದೆ ಜೊತೆಗೆ ಕೆಲಸ ಮಾಡುವವರೊಬ್ಬರು ಉಪವಾಸ ಪ್ರಾರ್ಥನೆಗೆ ಕರೆದೊಯ್ದರು. ಅಲ್ಲಿ ಅತ್ತರು, ಮೊಣಕಾಲೂರಿದರು, ರಕ್ಷಣೆ ಹೊಂದಿದರು. ಅವತ್ತಿಂದ ಒಂದು ಹನಿ ಮುಟ್ಟಿಲ್ಲ, ಮೊಬೈಲಿನಿಂದ ಆ್ಯಪ್ ಕಿತ್ತು ಹಾಕಿದ್ದಾರೆ. ಶುಕ್ರವಾರ ಉಪವಾಸ, ಭಾನುವಾರ ಗಾಯನ ತಂಡ, ತಿಂಗಳ ಕೊನೆಗೆ ರಾತ್ರಿಯಿಡೀ ಪ್ರಾರ್ಥನೆ, ಸಂಬಳ ಬಂದ ದಿನವೇ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು ಕೂಟಕ್ಕೆ.

ಈಗ ಏನು ಕಷ್ಟ? ಹೆಂಡತಿ ಕೂಟಕ್ಕೆ ಬರುವುದಿಲ್ಲ, "ನಿಮ್ಮ ಸಾಕ್ಷಿ ಕೂಟದವರಿಗೇ ಇರ್ಲಿ" ಅಂತಾಳೆ. ಆರು ತಿಂಗಳಿಂದ ಪ್ರಾರ್ಥನೆ ಒಣಗಿದೆ, ಆಡಿದ ಮಾತು ಮೇಲಿನ ಶೀಟಿಗೆ ಬಡಿದು ವಾಪಸ್ ಬರುತ್ತದೆ. ಕೆಲಸ ಬಿಟ್ಟು ಪೂರ್ಣಕಾಲಿಕ ಸೇವೆಗೆ ಇಳಿದರೆ ಮೊದಲಿನ ಉರಿ ಮತ್ತೆ ಹತ್ತೀತು ಎಂಬ ಆಸೆ. "ನನ್ನ ರಕ್ಷಣೆ ಸುಳ್ಳೇ? ಅಥವಾ ಹೆಂಡತಿಯ ಕಠಿಣ ಹೃದಯದಿಂದ ನನ್ನ ಆಶೀರ್ವಾದಕ್ಕೆ ತಡೆಯಾಗಿದೆಯೇ?" ಇದು ಪ್ರಶ್ನೆ.

ಮೊದಲು ಸಲ್ಲಬೇಕಾದದ್ದು ಸಲ್ಲಲಿ. ಎರಡು ವರ್ಷ ಬಾಟಲಿಯಿಂದ ದೂರ ಇರುವುದು ಹುಡುಗಾಟವಲ್ಲ. ಸಂಬಳದ ದಿನ ಬಾರಿನ ಮುಂದೆಯೇ ಹಾದು ಮನೆಗೆ ಹೋಗುವವನ ಕಾಲಿಗೇ ಗೊತ್ತು ಅದರ ಕಷ್ಟ. ನಿಮಗೆ ಆದದ್ದು ನಿಜವೇ ಇರಬೇಕು, ನಾನು ಅದನ್ನು ಕೆದಕುವುದಿಲ್ಲ.

ಆದರೆ ಐದನೇ ಪುಟದ ತಳದಲ್ಲಿ, ಎರಡು ಅಲ್ಪವಿರಾಮದ ನಡುವೆ, ಒಂದು ಸಾಲನ್ನು ತುರುಕಿದ್ದೀರಿ. "ಅಕ್ಕನ ಬೋರಮಾಳ ಮತ್ತು ಪಾಟ್ಲಿ ಒಟ್ಟು ನಾಲ್ಕು ತೊಲಿ ನಾನು ಅಡವಿಟ್ಟು ಹರಾಜಿಗೆ ಹೋದದ್ದು ಬೇರೆ ವಿಷಯ, ಅದೆಲ್ಲಾ ಹಳೇದು, ಕರ್ತನ ಪಾದದಲ್ಲಿ ಬಿಟ್ಟುಬಿಡು ಅಂತ ಕೂಟದ ಹಿರಿಯ ಬ್ರದರ್ ಹೇಳಿದ್ದಾರೆ."

ಬೇರೆ ವಿಷಯ ಅಲ್ಲ ಸ್ವಾಮಿ, ವಿಷಯ ಇದೇ.

ಆರು ಪುಟದಲ್ಲಿ ಅಕ್ಕ ಬಂದು ಹೋಗುವುದು ಮೂರು ಕಡೆ, ಒಂದು ಕಡೆಯೂ ಪೂರ್ತಿ ವಾಕ್ಯ ಅವಳ ಪಾಲಿಗೆ ಬಂದಿಲ್ಲ. ಚೂರು ಚೂರು ಹೆಕ್ಕಿ ಜೋಡಿಸಿದರೆ ಇಷ್ಟು ಸಿಗುತ್ತದೆ: ಗಂಡ ತೀರಿಕೊಂಡಿದ್ದಾನೆ, ಅಂಗನವಾಡಿಯಲ್ಲಿ ಸಹಾಯಕಿ, ಮಗಳು ಪಿಯುಸಿ ಮುಗಿಸಿ ನರ್ಸಿಂಗಿಗೆ ಸೇರಬೇಕೆಂದಿದ್ದವಳು ಈಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನರ್ಸಿಂಗು ಯಾಕೆ ತಪ್ಪಿತು ಅಂತ ನೀವು ಬರೆದಿಲ್ಲ. ನನಗೆ ಊಹಿಸುವುದು ಕಷ್ಟವಾಗಲಿಲ್ಲ. ಒಂದು ತಿಂಗಳಲ್ಲಿ ಬಿಡಿಸಿ ಕೊಡುತ್ತೇನೆಂದು ತಮ್ಮ ಕೇಳಿದ, ಅಕ್ಕ ಕೊರಳಿನ ಬೋರಮಾಳವನ್ನೂ ಕೈಯ ಪಾಟ್ಲಿಯನ್ನೂ ಬಿಚ್ಚಿ ಕೊಟ್ಟಳು. ಸಾಲ ನಿಮ್ಮ ಹೆಸರಿನಲ್ಲಿತ್ತು, ನೋಟೀಸು ನಿಮ್ಮ ವಿಳಾಸಕ್ಕೆ ಬಂತು, ಹರಾಜಾಯಿತು. ಅವಳ ಕೈಗೆ ಒಂದು ಚೀಟಿಯೂ ಬಂದಿರಲಿಕ್ಕಿಲ್ಲ.

"ಅಕ್ಕ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆತೇನೋ ಅಂತಾಳೆ, ಆ ಮಾತು ಎತ್ತೋದೇ ಇಲ್ಲ" ಎಂದು ಸಂತೋಷದಿಂದ ಬರೆದಿದ್ದೀರಿ. ಎತ್ತದಿದ್ದದ್ದು ಕ್ಷಮೆ ಅಂತ ಯಾರು ಹೇಳಿದರು? ಗಂಡನಿಲ್ಲದ ಹೆಂಗಸಿಗೆ ತವರು ಅಂತ ಉಳಿದಿರುವುದು ನೀವೊಬ್ಬರೇ. ಬಂಗಾರದ ಮಾತೆತ್ತಿದರೆ ತಮ್ಮನೂ ಹೋದಾನು ಎಂಬ ಲೆಕ್ಕ ಅವಳಿಗಿದೆ. ಈ ಅಂಕಣಕ್ಕೆ ಬರುವ ಅಕ್ಕಂದಿರ ಪತ್ರಗಳಲ್ಲಿ ಈ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ.

ಕೂಟಗಳ ಸಾಕ್ಷಿ ನಾನೂ ಕೇಳಿಕೊಂಡೇ ಬೆಳೆದವಳು. ಶೀಟಿನ ಶೆಡ್ಡು, ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಸಣ್ಣಗೆ ಕೀಬೋರ್ಡು. ಎದ್ದು ನಿಂತವನ ಕೈಗೆ ಮೈಕು ಬರುತ್ತದೆ. ಮೊದಲು "ಎಲ್ಲರಿಗೂ ಪ್ರೈಸ್ ದ ಲಾರ್ಡ್", ಆಮೇಲೆ ಬಾಟಲಿ, ಗಟಾರದಲ್ಲಿ ಬಿದ್ದ ರಾತ್ರಿ, ಹಳಿಯ ಹತ್ತಿರದವರೆಗೆ ಹೋಗಿ ವಾಪಸ್ ಬಂದದ್ದು, ಕಣ್ಣೀರು, ಹಲ್ಲೆಲೂಯ. ಹೇಳುವವನನ್ನು ಹಾಳು ಮಾಡಿದ ಪಾಪವೆಲ್ಲ ಅದರಲ್ಲಿರುತ್ತದೆ. ಅವನು ಹಾಳು ಮಾಡಿದವರು ಇರುವುದಿಲ್ಲ. ಹಾಲಿನವನ ಬಾಕಿ ಎಷ್ಟು, ಚೀಟಿ ನಡೆಸುತ್ತಿದ್ದ ಪಕ್ಕದ ಮನೆಯಾಕೆಗೆ ಎಷ್ಟು ಕೈಕೊಟ್ಟೆ, ಇಂಥ ಮೊತ್ತ ಹೇಳಿದ ಒಬ್ಬ ಸಾಕ್ಷಿಗಾರನನ್ನೂ ನಾನು ಕಂಡಿಲ್ಲ. ಮೈಕು ಕೈಗೆ ಬಂದರೆ ಮನುಷ್ಯ ತನ್ನ ಬಗ್ಗೆಯೇ ಮಾತಾಡುತ್ತಾನೆ ಅಂತ ನಾನು ಯಾವಾಗಲೂ ಹೇಳುವವಳು. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ಇನ್ನು ಆ ಹಿರಿಯ ಬ್ರದರ್. ನಿಮಗಿಂತ ನನಗೆ ಸಿಟ್ಟು ಬಂದದ್ದು ಅವರ ಮೇಲೆ. "ಪೂರ್ವಸ್ಥಿತಿ ಹೋಗಿ ಎಲ್ಲಾ ನೂತನವಾಯಿತು" ಎಂಬ ಬೈಬಲಿನ ಕೊರಿಂಥದವರ ಪತ್ರಿಕೆಯ ವಾಕ್ಯ ತೋರಿಸಿ, ಹಿಂದಿನದರ ಕಡೆ ತಿರುಗಿದರೆ ಬೈಬಲಿನ ಲೋಟನ ಹೆಂಡತಿಯ ಹಾಗೆ ಉಪ್ಪಿನ ಕಂಬ ಆಗುತ್ತೀ ಅಂತ ಹೆದರಿಸಿದರಂತೆ. ಅವರು ಮನ್ನಾ ಮಾಡಿದ್ದು ಯಾರ ಸಾಲ? ಅವರ ಮನೆಯ ಬಂಗಾರವೇ? ಅಡವಿಟ್ಟದ್ದು ಅವರ ಹೆಂಡತಿಯ ಪಾಟ್ಲಿಯಾಗಿದ್ದರೆ ಅದೂ ಕರ್ತನ ಪಾದಕ್ಕೇ ಹೋಗುತ್ತಿತ್ತೇ? ನಿಮ್ಮ ಸಂಬಳದ ಹತ್ತನೆಯ ಒಂದು ಪಾಲು, 3,200 ರೂಪಾಯಿ, ಪ್ರತಿ ತಿಂಗಳೂ ಆ ಕೂಟದ ಪೆಟ್ಟಿಗೆಗೆ ಬೀಳುತ್ತದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಹುಟ್ಟಿದ್ದು ಜಾತ್ರೆಗೆ ಹೋಗುವವರಿಗೆ ಮಾತ್ರ ಅಂತ ತಿಳಿಯಬೇಡಿ.

ಹಿರಿಯರು ವಾಕ್ಯ ತೋರಿಸಿದ್ದರಿಂದ ನಾನೂ ತೋರಿಸುತ್ತೇನೆ. ಲೂಕನ ಸುವಾರ್ತೆ ಹತ್ತೊಂಬತ್ತನೇ ಅಧ್ಯಾಯ, ಸಂಡೇ ಸ್ಕೂಲಿನಲ್ಲಿ ಕುಣಿಕುಣಿದು ಹೇಳಿಸಿದ ಜಕ್ಕಾಯನ ಕಥೆ. ಕುಳ್ಳ, ಸುಂಕದವ, ಮರ ಹತ್ತಿದ, ಯೇಸು ಅವನ ಮನೆಗೆ ಹೋದ. ಮಕ್ಕಳಿಗೆ ಮರ ನೆನಪಿರುತ್ತದೆ, ದೊಡ್ಡವರಿಗೂ ಮರವೇ ನೆನಪಿರುವುದು. ಎಂಟನೇ ವಚನದಲ್ಲಿ ಅವನು ಎದ್ದು ನಿಂತು ಲೆಕ್ಕ ಹೇಳುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್. "ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು" ಎಂದು ಯೇಸು ಹೇಳುವುದು ಒಂಬತ್ತನೇ ವಚನದಲ್ಲಿ, ಆ ಲೆಕ್ಕ ಕೇಳಿದ ಮೇಲೆ. ಮರದ ಕೆಳಗೆ ಹೇಳಲಿಲ್ಲ.

ಕೃಪೆಯಿಂದಲೇ ರಕ್ಷಣೆ, ಕ್ರಿಯೆಯಿಂದಲ್ಲ ಅಂತ ಬ್ರದರ್ ಎಫೆಸದವರ ಪತ್ರಿಕೆ ಬಿಚ್ಚುತ್ತಾರೆ, ನನಗೆ ಗೊತ್ತು. ಖಂಡಿತ, ಯೇಸು ಜಕ್ಕಾಯನ ಮನೆಗೆ ಹೊರಟಾಗ ಅವನು ಒಂದು ಕಾಸೂ ವಾಪಸ್ ಕೊಟ್ಟಿರಲಿಲ್ಲ. ಆದರೆ ಎರಡನೇ ಅಧ್ಯಾಯದ ಎಂಟು, ಒಂಬತ್ತು ಓದಿ ಪುಸ್ತಕ ಮುಚ್ಚುವವರೇ ಎಲ್ಲರೂ. ಹತ್ತನೇ ವಚನ, ನಮ್ಮನ್ನು ಸೃಷ್ಟಿಸಿದ್ದೇ ಸತ್ಕ್ರಿಯೆಗಳಿಗಾಗಿ ಎಂಬುದು, ಬೆರಳಿನ ಕೆಳಗೇ ಉಳಿದುಬಿಡುತ್ತದೆ.

ದಶಮಾಂಶದ ಬಗ್ಗೆ ಮಾರ್ಕನ ಸುವಾರ್ತೆ ಏಳನೇ ಅಧ್ಯಾಯ ನೋಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಇದು ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ಳುವ ಧರ್ಮಿಷ್ಠರನ್ನು ಯೇಸು ಅಲ್ಲಿ ಹಿಡಿದು ನಿಲ್ಲಿಸುತ್ತಾನೆ. ಬೆಟ್ಟದ ಪ್ರಸಂಗದಲ್ಲಿ ಇನ್ನೂ ನೇರ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಒಂದಾಗು, ಆಮೇಲೆ ಬಂದು ಅರ್ಪಿಸು. ನಿನಗೆ ಅವನ ಮೇಲೆ ಏನಾದರೂ ಇದ್ದರೆ ಅಂತಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ. ಅಕ್ಕನ ಮನಸ್ಸಿನಲ್ಲಿರುವುದನ್ನು ನೆನಪಿಡುವ ಕೆಲಸ ನಿಮ್ಮದು ಅಂತಾಯಿತು.

ಇದು ಒಬ್ಬ ಗೋದಾಮಿನ ಸೂಪರ್‌ವೈಸರನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಜಾನ್ ನ್ಯೂಟನ್ ಹೆಸರು ನಿಮ್ಮ ಗಾಯನ ತಂಡಕ್ಕೆ ಗೊತ್ತಿರಲೇಬೇಕು, ಕೃಪೆಯ ಬಗ್ಗೆ ಆತ ಬರೆದ 'ಅಮೇಜಿಂಗ್ ಗ್ರೇಸ್' ಕೀರ್ತನೆಯನ್ನು ಊರೂರಲ್ಲಿ ಹಾಡುತ್ತಾರೆ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕು ಹಡಗು ಇನ್ನೇನು ಮುಳುಗಬೇಕು ಎನ್ನುವಾಗ ಆತ ದೇವರನ್ನು ಕೂಗಿದ, ಬದುಕಿದ, ಆ ದಿನವನ್ನು ಸಾಯುವ ತನಕ ಮರೆಯಲಿಲ್ಲ. ಸಾಕ್ಷಿ ಹೇಳುವವರು ಅಲ್ಲಿಂದ ನೇರವಾಗಿ ಕೀರ್ತನೆಗೆ ಜಿಗಿಯುತ್ತಾರೆ. ನಡುವೆ ಏನಾಯಿತು? ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗನ್ನು ಮತ್ತೆ ಹತ್ತಿದ. 1750ರಿಂದ 1754ರವರೆಗೆ ಅಂಥ ಹಡಗುಗಳಿಗೆ ಕಪ್ತಾನನೇ ಆದ. ಭಾನುವಾರ ಮೇಲೆ ಡೆಕ್ಕಿನಲ್ಲಿ ಸಿಬ್ಬಂದಿಗೆ ಆರಾಧನೆ ನಡೆಸುತ್ತಿದ್ದ, ಕೆಳಗೆ ಸರಪಳಿಯಲ್ಲಿ ಜನ. ಸಮುದ್ರ ಬಿಟ್ಟದ್ದು ಕಾಯಿಲೆ ಬಿದ್ದು, ಮನಸ್ಸಾಕ್ಷಿ ಚುಚ್ಚಿ ಅಲ್ಲ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ!

ಬರೆದಾಗ ಮಾತ್ರ ಸುತ್ತಿ ಬಳಸಿ ಬರೆಯಲಿಲ್ಲ. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಮನುಷ್ಯರನ್ನು ಒತ್ತೊತ್ತಾಗಿ ಮಲಗಿಸುತ್ತಿದ್ದರು ಅಂತ ಹಡಗಿನ ಒಳಗಿದ್ದದ್ದನ್ನು ಇದ್ದ ಹಾಗೆ ಹೇಳಿದ, ತಾನೂ ಅದರಲ್ಲಿ ಕೈ ಹಾಕಿದವನೆಂಬ ನಾಚಿಕೆ ತನ್ನನ್ನು ಎಂದೂ ಬಿಡದು ಅಂತ ಸೇರಿಸಿದ. ಬಿರುಗಾಳಿ ಸುಳ್ಳಾಗಿತ್ತೇ? ನನಗೆ ಹಾಗನಿಸುವುದಿಲ್ಲ. ನಿಮ್ಮ ಉಪವಾಸ ಪ್ರಾರ್ಥನೆಯ ಕಣ್ಣೀರೂ ಸುಳ್ಳಲ್ಲ. ಆದರೆ ಡೆಕ್ಕಿನ ಕೆಳಗಿದ್ದವರು ಆ ಮನುಷ್ಯನ ಸಾಕ್ಷಿಯೊಳಗೆ ಬರಲು ನಲವತ್ತು ವರ್ಷ ಹಿಡಿಯಿತು. ನಿಮಗಿನ್ನೂ ಎರಡೇ ವರ್ಷವಾಗಿದೆ, ಅಕ್ಕ ಬದುಕಿದ್ದಾಳೆ, ಮನೆ ಗೊತ್ತಿದೆ.

ಪ್ರಾರ್ಥನೆ ಒಣಗಿದ ವಿಚಾರ. ಎಲ್ಲರಿಗೂ ಒಣಗುತ್ತದೆ, ಸೈತಾನನನ್ನು ಎಳೆದು ತರುವ ಅಗತ್ಯವಿಲ್ಲ. ಕ್ರೈಸ್ತರಾದ ಸಮಾಜಸೇವಕಿ ಪಂಡಿತಾ ರಮಾಬಾಯಿಯವರನ್ನೇ ನೋಡಿ. ಅವರ ತಂದೆ ನಮ್ಮ ಕಾರ್ಕಳದ ಹತ್ತಿರದ ಮಾಳದವರು, ಆಕೆ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ. ಅದಾಗಿ ಎಂಟು ವರ್ಷದ ತನಕ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಆಕೆಯೇ ಬರೆದಿದ್ದಾರೆ. ಆ ಒಣ ವರ್ಷಗಳಲ್ಲಿ ಉರಿ ಬರಲಿ ಅಂತ ಕಾಯುತ್ತ ಕೂರಲಿಲ್ಲ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ನೀವು ಸದನ ತೆರೆಯಬೇಕಿಲ್ಲ. ನಿಮ್ಮ ಪಾಲಿನ ವಿಧವೆ ಒಬ್ಬಳೇ.

ಹೆಂಡತಿಯ ಕಠಿಣ ಹೃದಯಕ್ಕೆ ಬರೋಣ. ಅದಕ್ಕೆ ಪುರಾವೆ ಅಂತ ಆರನೇ ಪುಟದಲ್ಲಿ ಒಂದು ಸಂಗತಿ ಕೊಟ್ಟಿದ್ದೀರಿ. ಅವಳ ಮೊಬೈಲ್ ನೋಡಿದಾಗ ಗೊತ್ತಾಯಿತಂತೆ, ನಿಮಗೆ ಹೇಳದೆ ತಿಂಗಳಿಗೆ ಐನೂರು ರೂಪಾಯಿ ನಿಮ್ಮ ಅಕ್ಕನಿಗೆ ಕಳಿಸುತ್ತಿದ್ದಾಳೆ, ಹೊಲಿಗೆಯ ದುಡ್ಡಿನಲ್ಲಿ. "ಗಂಡನಿಗೆ ಅಧೀನಳಾಗಿರದ ಹೆಂಡತಿ" ಅಂತ ಕೂಟದಲ್ಲಿ ಅವಳಿಗಾಗಿ ಪ್ರಾರ್ಥನೆ ಮಾಡಿಸಿದ್ದೀರಿ.

ಆ ಪುಟ ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ನಿಮ್ಮ ಸಾಲವನ್ನು ಇಷ್ಟು ದಿನ ತೀರಿಸುತ್ತಿರುವವಳು ಅವಳು. ಬ್ಲೌಸ್ ಹೊಲಿದು, ಬಾಯಿ ಬಿಡದೆ, ಯಾವ ಮೈಕೂ ಇಲ್ಲದೆ. ನಿಮ್ಮ ಮನೆಯಲ್ಲಿ ನಂಬಿಕೆಯನ್ನು ಕೈಯಲ್ಲಿ ಮಾಡಿ ತೋರಿಸುತ್ತಿರುವವಳು ಅವಳೊಬ್ಬಳೇ, ಅವಳ ಹೆಸರಿನಲ್ಲೇ ನೀವು ಪ್ರಾರ್ಥನೆ ಚೀಟಿ ಬರೆದು ಹಾಕಿದಿರಿ. ಅವಳು ಕೂಟಕ್ಕೆ ಯಾಕೆ ಬರಬೇಕು? ಅಲ್ಲಿ ಗಂಡ ಎದ್ದು ನಿಂತು ಅಳುವಾಗ ಜನ ಕಣ್ಣೊರೆಸಿಕೊಳ್ಳುತ್ತಾರೆ, ಆ ಬ್ರದರ್ ಬಿಟ್ಟರೆ ಬೋರಮಾಳದ ಸುದ್ದಿ ಗೊತ್ತಿರುವವಳು ಇವಳೊಬ್ಬಳೇ. ಯಾವ ಮುಖ ಇಟ್ಟುಕೊಂಡು ಕೂತಾಳು?

ಮನೆ ಲೆಕ್ಕದ ಪುಸ್ತಕಕ್ಕೂ ಆತ್ಮಕ್ಕೂ ಸಂಬಂಧವಿಲ್ಲ ಅನ್ನುವವರಿಗೆ ಒಂದು ಹಳೆಯ ಸಂಗತಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ, ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಡೆಯವರು ತಮ್ಮ ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸುವುದಕ್ಕೆ ಶುರು ಮಾಡಿದರು. ವಸೂಲಿಗೆ ಮನೆಮನೆ ಹೊಕ್ಕವರಿಗೆ ಎಲ್ಲಿ ಕುಡಿತ, ಎಲ್ಲಿ ಜಗಳ ಎಲ್ಲ ಕಣ್ಣಿಗೆ ಬಿತ್ತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಪದ್ಧತಿ, ಒಬ್ಬರ ನಡತೆಗೆ ಇನ್ನೊಬ್ಬರು ಹೊಣೆ ನಿಲ್ಲುವುದು, ಬೆಳೆದದ್ದು ಆ ಪೆನ್ನಿ ವಸೂಲಿಯಿಂದ. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನ ಸಭೆಗಳೂ ನಿಮ್ಮ ಕಡೆಯ ಬಾಸೆಲ್ ಮಿಷನ್ನಿನ ಸಭೆಗಳೂ ಇವತ್ತು ಒಂದೇ ಸಿಎಸ್‌ಐ ಒಳಗಿವೆ. ನೀವು ಬಿಟ್ಟು ಬಂದ ಹಳೆಯ ಸಭೆಯ ಬಗ್ಗೆ "ಅಲ್ಲಿ ಜೀವ ಇಲ್ಲ" ಅಂತ ಬರೆದಿದ್ದೀರಲ್ಲ, ಅದಕ್ಕೆ ನೆನಪಾಯಿತು.

ನಾನು ಹೇಳುವುದು ಒಂದೇ: ಬಂಗಾರವನ್ನು ತೂಕದಲ್ಲಿ ವಾಪಸ್ ಕೊಡಿ.

ರೂಪಾಯಿಯಲ್ಲಿ ಅಲ್ಲ. ನಾಲ್ಕು ವರ್ಷದ ಹಿಂದೆ ನೀವು ತಂದ ಸಾಲದ ಮೊತ್ತ ಹಿಂದಿರುಗಿಸಿದರೆ ಅದು ಎರಡನೇ ಮೋಸ. ಆಗಿನ ದರವೆಲ್ಲಿ, ಈಗಿನ ದರವೆಲ್ಲಿ? ಅಂಗಡಿ ಲೆಕ್ಕದಲ್ಲಿ ತೊಲಿಗೆ ಹತ್ತು ಗ್ರಾಂ ಹಿಡಿದರೆ 40 ಗ್ರಾಂ. ಜಕ್ಕಾಯನ ನಾಲ್ಕರಷ್ಟನ್ನು ನಿಮ್ಮ ಸಂಬಳಕ್ಕೆ ನಾನು ಹೇರುವುದಿಲ್ಲ. ಆದರೆ ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡ ಆರನೇ ಅಧ್ಯಾಯದಲ್ಲಿ, ಇಂಥದಕ್ಕೇ ನಿಯಮವಿದೆ: ಮೂಲದ ಮೇಲೆ ಐದನೇ ಒಂದು ಪಾಲು ಸೇರಿಸಿ ಒಡೆಯನಿಗೆ ಕೊಡಬೇಕು. 48 ಗ್ರಾಂ ಆಯಿತು. ಸಾಕ್ಷಿಯಲ್ಲಿ ದಿನಕ್ಕೆ ಇನ್ನೂರು ರೂಪಾಯಿ ಕುಡಿಯುತ್ತಿದ್ದೆ ಅಂತೀರಿ, ತಿಂಗಳಿಗೆ 6,000. ಅದು ಈಗ ಎಲ್ಲಿ ಹೋಗುತ್ತಿದೆ ಹುಡುಕಿ ತೆಗೆಯಿರಿ. ಅದಕ್ಕೆ ದಶಮಾಂಶದ 3,200 ಸೇರಿಸಿ. ಹೌದು, ದಶಮಾಂಶವೇ. ಬ್ರದರ್ ಕೇಳಿದರೆ ಯಜ್ಞವೇದಿಯ ಮುಂದೆ ಬಿಟ್ಟು ಬಂದಿದ್ದೇನೆ ಅನ್ನಿ. 9,200ಕ್ಕೆ ಇವತ್ತಿನ ದರದಲ್ಲಿ ತಿಂಗಳಿಗೆ ಒಂದು ಗ್ರಾಂ ಬರುವುದೂ ಕಷ್ಟ, ಅಂದರೆ ನಾಲ್ಕು ವರ್ಷಕ್ಕೂ ಮೇಲಿನ ಕೆಲಸ. ಅಷ್ಟು ದಿನವೇ ಅಂತ ಎದೆ ಧಸಕ್ಕೆಂದಿದ್ದರೆ, ಅಕ್ಕನ ಮಗಳು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಗಂಟೆ ನಿಂತಿರುತ್ತಾಳೆ ಕೇಳಿ ನೋಡಿ. ಅವಳ ಫೀಸಿಗೇ ಬೇಕು ಅಂತ ಅಕ್ಕ ಹೇಳಿದರೆ ಕೊಡುವ ದಿನದ ದರಕ್ಕೆ ಸರಿಯಾಗಿ ಹಣವನ್ನೇ ಕೊಡಿ, ಆಯ್ಕೆ ಅವಳದು.

ಈ ಶನಿವಾರ ರಾತ್ರಿ ಅಕ್ಕನ ಊರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ. ಭಾನುವಾರ ಗಾಯನ ತಂಡ ನೀವಿಲ್ಲದೆಯೂ ಹಾಡುತ್ತದೆ. ಅರ್ಧ ಗ್ರಾಂ ನಾಣ್ಯವೂ ಸಿಗುತ್ತದೆ, ಒಂದು ಕೊಂಡು, ರಶೀದಿಯನ್ನು ಅಕ್ಕನ ಹೆಸರಿಗೆ ಮಾಡಿಸಿ ಒಯ್ಯಿರಿ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್, ಮೊದಲ ಪುಟದಲ್ಲಿ 48 ಗ್ರಾಂ ಅಂತ ಬರೆದು, ನಿಮ್ಮ ಸಹಿ ಹಾಕಿ. ಪುಸ್ತಕ ಅವಳ ಹತ್ತಿರವೇ ಇರಲಿ. ಹೆಂಡತಿ ಕಳಿಸಿದ ಐನೂರುಗಳನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ, ಅದು ಅವರಿಬ್ಬರ ವ್ಯವಹಾರ. ಅಲ್ಲಿ ಹೋಗಿ ಪ್ರಾರ್ಥನೆ ಮಾಡಬೇಡಿ, ಕರ್ತನು ನನ್ನನ್ನು ಕಳಿಸಿದ ಅನ್ನಬೇಡಿ. ಕ್ಷಮಿಸು ಅಂತಲೂ ಕೇಳಬೇಡಿ, ಕೇಳಿದರೆ ಅವಳು ಕೊಡಲೇಬೇಕಾಗುತ್ತದೆ, ಇನ್ನೊಂದು ಸಾಲ ಮಾಡಿದ ಹಾಗೆ. "ನಾನು ತಗೊಂಡಿದ್ದೆ, ಕಳದೆ, ಇದು ಮೊದಲ್ನೇ ಕಂತು" ಅಷ್ಟೇ ಹೇಳಿ. ಬೈದರೆ ಬೈಸಿಕೊಳ್ಳಿ. ಬೇಡವೋ ಅಂತ ನಾಣ್ಯ ವಾಪಸ್ ತುರುಕಿದರೆ ಟೇಬಲ್ ಮೇಲಿಟ್ಟು ಬನ್ನಿ.

ಸಾಕ್ಷಿ ಹೇಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಹೇಳಲೇಬೇಕಾಗಿ ಬಂದರೆ ಬೋರಮಾಳದಿಂದ ಶುರು ಮಾಡಿ, ಬಾಟಲಿ ಆಮೇಲೆ ಬರಲಿ. ಹೆಂಡತಿಯ ಮೊಬೈಲ್ ಮುಟ್ಟಬೇಡಿ. ಅವಳು ಕೂಟಕ್ಕೆ ಬರುತ್ತಾಳೋ ಇಲ್ಲವೋ ಎಂಬುದು ನನ್ನ ಚಿಂತೆಯಲ್ಲ, ನಿಮ್ಮದೂ ಆಗಬೇಕಿಲ್ಲ.

ಪೂರ್ಣಕಾಲಿಕ ಸೇವೆಯ ಬಗ್ಗೆ ಕೇಳಿದ್ದಿರಿ. ಕೆಲಸ ಬಿಡಬೇಡಿ. ಸಂಬಳ ನಿಂತರೆ ಬಂಗಾರ ಎಲ್ಲಿಂದ ಬರುತ್ತದೆ? ನೋಟ್‌ಬುಕ್ಕಿನಲ್ಲಿ 48 ತುಂಬಿದ ಮೇಲೂ ಆಸೆ ಹಾಗೇ ಇದ್ದರೆ ಮತ್ತೆ ಬರೆಯಿರಿ.